ಸಾರಿನ ಬಕೆಟ್ಟು ಮತ್ತು ಬಲಸೊಂಟ

ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರು ಯಾರು ಸಿಕ್ಕಿದರೂ ಕೇಳುವುದು ಒಂದೇ ಪ್ರಶ್ನೆ: "ಕಾಲು ಹೇಗುಂಟು?" ಕೇಳುವಾಗ ಅವರ ಕಣ್ಣು ನನ್ನ ಮುಖದ ಮೇಲಿರುವುದಿಲ್ಲ, ಪ್ಯಾಂಟಿನ ಬಲಗಡೆಯ ಮೇಲಿರುತ್ತದೆ. ಕಾಲಿಗೇನು ಧಾಡಿ? ಅದು ಪ್ಲಾಸ್ಟಿಕ್ಕು, ಸ್ಟೀಲು ಮತ್ತು ಒಂದಿಷ್ಟು ರಬ್ಬರು. ಅದಕ್ಕೆ ಉಳುಕಿಲ್ಲ, ವಾತವಿಲ್ಲ, ವಯಸ್ಸೂ ಆಗುವುದಿಲ್ಲ. ನೋಯುವುದು ಸೊಂಟ. ಬಲಸೊಂಟದ ಪಕ್ಕದಲ್ಲಿ, ಬೆಲ್ಟು ಕಟ್ಟುವ ಜಾಗಕ್ಕಿಂತ ತುಸು ಕೆಳಗೆ, ಸಂಜೆಯ ಹೊತ್ತಿಗೆ ಮೆಣಸು ಅರೆದು ಹಚ್ಚಿದಂತೆ ಉರಿಯುತ್ತದೆ. ಅದನ್ನು ಕೇಳುವವರು ಯಾರೂ ಇಲ್ಲ. ನಾನಾಗಿ ಹೇಳಿದರೆ, "ಹೌದಾ? ಕಾಲಿಗೆ ಎಂತ ಎಣ್ಣೆ ಹಚ್ಚುತ್ತೀರಿ?" ಎನ್ನುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಕಟ್ಟಿದವನು ನಮ್ಮ ಬಸ್‌ಸ್ಟ್ಯಾಂಡಿನಲ್ಲೇ ಕೂತಿದ್ದಿರಬೇಕು.

ಕಾಲು ಹೋದ ಕತೆಯನ್ನು ಉದ್ದ ಮಾಡುವುದಿಲ್ಲ. ಮಾಣಿಯಲ್ಲಿರುವ ಅಕ್ಕನ ಮನೆಗೆ ಹೋಗಿ ಬೈಕಿನಲ್ಲಿ ಹಿಂದೆ ಬರುವಾಗ ಹೆದ್ದಾರಿಯ ತಿರುವಿನಲ್ಲಿ ಲಾರಿಯೊಂದು ಒರಸಿಕೊಂಡು ಹೋಯಿತು. ಆಸ್ಪತ್ರೆಯಲ್ಲಿ ಬಲಗಾಲನ್ನು ಮಂಡಿಗಿಂತ ಮೇಲೆ ತೆಗೆದರು. ನಾನು ಬೆಳುವಾಯಿಯವನು, ಮೂಡುಬಿದಿರೆಯಲ್ಲಿ ಮಿಕ್ಸಿ, ಗ್ರೈಂಡರು, ನೀರಿನ ಪಂಪು ರಿಪೇರಿ ಮಾಡುವ ಅಂಗಡಿ ಇಟ್ಟವನು. ಬಿಚ್ಚುವುದು, ಜೋಡಿಸುವುದೇ ಕಸುಬಾದ್ದರಿಂದ ಇನ್ನೊಂದು ಕಾಲು ಜೋಡಿಸಿಬಿಟ್ಟರೆ ಮುಗಿಯಿತು ಎಂದುಕೊಂಡಿದ್ದೆ.

ಮೊದಲ ಕಾಲು ಸಿಕ್ಕಿದ್ದು ಬೆಳ್ತಂಗಡಿಯಲ್ಲಿ ನಡೆದ ಒಂದು ಶಿಬಿರದಲ್ಲಿ. ಸೊಂಟಕ್ಕೊಂದು ಅಗಲವಾದ ಪಟ್ಟಿ, ಆ ಪಟ್ಟಿಗೆ ನೇತುಬಿದ್ದ ಕಾಲು. ನಾನು ಹೆಜ್ಜೆ ಎತ್ತಿದ ಮೇಲೆ ಅದು ಯೋಚನೆ ಮಾಡಿ ಹಿಂದಿನಿಂದ ಬರುತ್ತಿತ್ತು. ನಡೆಯುವುದೆಂದರೆ ಬಾವಿಯಿಂದ ಕೊಡ ಸೇದಿದ ಹಾಗೆ, ಪ್ರತಿ ಸಲವೂ ಸೊಂಟದಿಂದ ಎಳೆದು ಮೇಲೆತ್ತಬೇಕು. ಅದು ಸಾಲದೆಂದು ಶಿಬಿರದವರು ಶೂ ಹಾಕಿಸಿ ಎತ್ತರ ಹೊಂದಿಸಿದ್ದರು. ಶೂ ಹಾಕಿಕೊಂಡು ಮನೆಯೊಳಗೆ ಹೋದರೆ ನನ್ನ ಅಮ್ಮ ಸುಮ್ಮನಿರುತ್ತಾಳೆಯೇ? ಮೆಟ್ಟಿಲ ಬಳಿ ಬಿಚ್ಚಿಟ್ಟು ಒಳಗೆ ಬಂದರೆ ಹಿಮ್ಮಡಿ ತಗ್ಗುತ್ತಿತ್ತು, ಇಡೀ ಕಾಲು ಹಿಂದಕ್ಕೆ ವಾಲುತ್ತಿತ್ತು. ಅಂಗಳದಲ್ಲಿ ಒಬ್ಬ ಮನುಷ್ಯ, ಒಳಗೆ ಚಾವಡಿಯಲ್ಲಿ ಇನ್ನೊಬ್ಬ. ಎರಡನೇ ಕಾಲನ್ನು ಮಂಗಳೂರಿನಲ್ಲಿ ಮಾಡಿಸಿದೆ. ಅದರಲ್ಲಿ ಪಟ್ಟಿ ಇಲ್ಲ, ಉಳಿದ ತೊಡೆಗೆ ರಬ್ಬರಿನ ಚೀಲ ತೊಡಿಸಿ, ಕಾಲಿನ ಮೇಲ್ತುದಿಯ ಗೂಡು, ಅಂದರೆ ಸಾಕೆಟ್ಟಿನೊಳಗೆ ಇಳಿಸಿದರೆ ಗಾಳಿ ಹೊರಗೆ ಹೋಗಿ ಕಚ್ಚಿಕೊಳ್ಳುತ್ತದೆ. ಯಾವ ಶೂ ಹಾಕುತ್ತೀರಿ ಎಂದು ಅವರು ಕೇಳಿದಾಗ, "ಬರಿಗಾಲಿಗೆ ಹೊಂದಿಸಿ ಮಾರಾಯ್ರೆ, ನನ್ನ ಮನೆಯಲ್ಲಿ ಅಮ್ಮ ಇದ್ದಾರೆ" ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೆ ಹೊಂದಿಸಿಕೊಟ್ಟರು.

ಹೊಸ ಕಾಲು ಹೇಳಿದ ಹಾಗೆ ಕೇಳುತ್ತಿತ್ತು. ಆದರೂ ಬಲಗಾಲಿನ ಮೇಲೆ ಭಾರ ಬಿದ್ದಾಗಲೆಲ್ಲ ನನ್ನ ಮೈ ಬಲಕ್ಕೆ ಓಲುತ್ತಿತ್ತು, ಸಂಜೆಗೆ ಸೊಂಟ ಉರಿಯುತ್ತಿತ್ತು. ಮೂಡುಬಿದಿರೆಯಲ್ಲಿ ಫಿಸಿಯೋಥೆರಪಿ ಮಾಡುವ ಒಬ್ಬ ಡಾಕ್ಟರಮ್ಮ ಇದ್ದಾರೆ. ಬಂಟ್ವಾಳದ ಕಡೆಯ ಬ್ಯಾರಿ ಮುಸ್ಲಿಂ ಮನೆತನದವರು, ಪ್ರಾಯದಲ್ಲಿ ನನ್ನ ಮಗಳಷ್ಟು, ದನಿಯಲ್ಲಿ ನನ್ನ ಹಳೆಯ ಹೆಡ್‌ಮಾಸ್ತರರಷ್ಟು. ಅವರು ನನ್ನನ್ನು ಆಚೆ ಈಚೆ ನಡೆಸಿ ನೋಡಿದರು.

"ಸರ್, ಒಂದು ಕಾಲಿನ ಮೇಲೆ ನಿಂತಾಗ ಸೊಂಟ ಇನ್ನೊಂದು ಬದಿಗೆ ಬೀಳದ ಹಾಗೆ ಹಿಡಿಯುವುದು ಈ ಪಕ್ಕದ ಸ್ನಾಯು" ಎಂದು ನನ್ನ ಸೊಂಟಕ್ಕೆ ಬೆರಳಿಟ್ಟರು. "ಅದು ಎಳೀಬೇಕಾದ್ರೆ ತೊಡೆಯ ಎಲುಬು ಅಲುಗದೆ ನಿಲ್ಬೇಕು. ನಿಮ್ಮದು ಅರ್ಧ ಎಲುಬು. ಅದು ಸಾಕೆಟ್ಟಿನ ಒಳಗೆ ಮಾಂಸದಲ್ಲಿ ಹೊರಗಡೆ ವಾಲ್ತದೆ. ಸ್ನಾಯು ಎಷ್ಟು ಎಳೆದ್ರೂ ಹಿಡಿತ ಸಿಕ್ಕುವುದಿಲ್ಲ. ಅದಕ್ಕೆ ನೀವು ಇಡೀ ಮೈಯನ್ನೇ ಬಲಕ್ಕೆ ಹಾಕ್ತೀರಿ."

ಅದು ನನಗೆ ತಟ್ಟನೆ ತಿಳಿಯಿತು. ಪಂಪಿನ ಬೇರಿಂಗ್ ಮತ್ತೆ ಮತ್ತೆ ಹೋಗುತ್ತಿದ್ದರೆ ಬೇರಿಂಗನ್ನು ಬೈದು ಪ್ರಯೋಜನವಿಲ್ಲ, ಮೋಟಾರನ್ನೂ ಪಂಪನ್ನೂ ಸೇರಿಸುವ ಕಪ್ಲಿಂಗ್ ಸಡಿಲ ಉಂಟೋ ನೋಡಬೇಕು. ಗಿರಾಕಿಗಳಿಗೆ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಈಗ ನನ್ನದೇ ಕಪ್ಲಿಂಗ್. ಡಾಕ್ಟರಮ್ಮ ವ್ಯಾಯಾಮ ಹೇಳಿಕೊಟ್ಟರು. ಎಡಮಗ್ಗುಲಾಗಿ ಮಲಗಿ ಬಲದ ಮೋಟುತೊಡೆಯನ್ನು ಮೇಲೆತ್ತಿ ಹಿಡಿಯುವುದು, ಇಳಿಸುವುದು. ಬೆಳಿಗ್ಗೆ ನನ್ನ ಹೆಂಡತಿ ದೋಸೆ ಹೊಯ್ಯುತ್ತ ಅಡುಗೆಮನೆಯಿಂದಲೇ, "ಎತ್ತಿದ್ರಾ? ಇನ್ನೂ ಮೇಲೆ" ಎಂದು ಕೂಗುತ್ತಿದ್ದಳು. ಅವಳಿಗೆ ಗೋಡೆಯ ಆಚೆಯಿಂದ ಅದು ಹೇಗೆ ಕಾಣುತ್ತಿತ್ತೋ ದೇವರಿಗೇ ಗೊತ್ತು.

ಇಷ್ಟರಲ್ಲಿ ಮಾಣಿಯ ಅಕ್ಕ ಹೊಸ ಮನೆ ಕಟ್ಟಿಸಿ ಒಕ್ಕಲಿನ, ಅಂದರೆ ಗೃಹಪ್ರವೇಶದ, ದಿನ ನಿಶ್ಚಯ ಮಾಡಿದಳು. ನಮ್ಮ ಕುಟುಂಬದಲ್ಲಿ ಅಕ್ಕತಂಗಿಯರ ಮನೆಯ ಯಾವುದೇ ಶುಭಕಾರ್ಯದ ಊಟದಲ್ಲಿ ಸಾರು ಬಡಿಸುವುದು ಅವರ ಒಡಹುಟ್ಟಿದ ಗಂಡಸು. ನನ್ನ ಅಮ್ಮನ ಕಾರ್ಯಗಳಿಗೆ ನನ್ನ ಸೋದರಮಾವ ಬಡಿಸಿದ್ದರು, ಅಕ್ಕನ ಮದುವೆಯಿಂದ ಈಚೆಗೆ ನಾನು. ಸಾರು ಎಂದರೆ ಹುಡುಗಾಟವಲ್ಲ. ಅನ್ನ ಬಿದ್ದ ಕೂಡಲೇ ಬರಬೇಕು, ಬಿಸಿ ಇರಬೇಕು, ಎಲೆಯ ಅಂಚು ದಾಟಬಾರದು, ಯಾರ ಸೀರೆಗೂ ಹಾರಬಾರದು, ಹಿಂದೆ ಬರುವ ಸಾಂಬಾರಿನವನನ್ನು ಕಾಯಿಸಬಾರದು. ತುಂಬಿದ ಬಕೆಟ್ಟು ಹಿಡಿದು ಇಡೀ ಪಂಕ್ತಿಯನ್ನು ಒಂದೇ ಓಟದಲ್ಲಿ ಮುಗಿಸುತ್ತಿದ್ದವನು ನಾನು. ನನ್ನ ಬಗ್ಗೆ ಜನ ಹೊಗಳಿ ಮಾತಾಡುತ್ತಿದ್ದ ಸಂಗತಿ ಅದೊಂದೇ ಎಂದರೂ ತಪ್ಪಿಲ್ಲ.

ಆಮಂತ್ರಣ ಹೇಳಲು ಬಂದ ಭಾವ, ಅಂದರೆ ಅಕ್ಕನ ಗಂಡ, ಚಹಾ ಕುಡಿದು ಮೆಲ್ಲಗೆ ಶುರು ಮಾಡಿದರು. "ಈ ಸಲ ನೀನು ಬಡಿಸ್ಲಿಕ್ಕೆ ನಿಲ್ಲಬೇಡ. ಮೊದಲನೇ ಪಂಕ್ತಿಯಲ್ಲೇ ಕೂತು ಊಟ ಮಾಡು. ಕೇಟರಿಂಗಿನವರು ಇರ್ತಾರೆ."

"ಸಾರು ನಾನೇ ಬಡಿಸ್ತೇನೆ, ಭಾವ."

"ಅಷ್ಟು ಮನಸ್ಸಿದ್ರೆ ಉಪ್ಪು ಹಾಕಿಕೊಂಡು ಹೋಗು. ಅದು ಹಗುರ ಉಂಟು."

ಉಪ್ಪು ಬಡಿಸುವುದು ರಜೆಯಲ್ಲಿ ಬಂದ ಮಕ್ಕಳ ಕೆಲಸ. ನನಗೆ ಮೈಯೆಲ್ಲ ಉರಿಯಿತು. ಭಾವ ಒಳ್ಳೆಯವರು, ಅದೇ ತೊಂದರೆ. ಕೆಟ್ಟವರಾದರೆ ಜಗಳವಾಡಬಹುದು. ಒಂದು ಸಲ ಕುರ್ಚಿಯಲ್ಲಿ ಕೂತವನನ್ನು ಮುಂದಿನ ಯಾವ ಕಾರ್ಯಕ್ಕೂ ಯಾರೂ ಎಬ್ಬಿಸುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆಮೇಲೆ ನಾನು ಅಕ್ಕನ ಮನೆಗೆ ನೆಂಟ, ಅಷ್ಟೇ. ಸಾಯುವವರೆಗೆ ಮೊದಲನೇ ಪಂಕ್ತಿಯಲ್ಲಿ ಕೂರಿಸಿ, "ಕಾಲು ಹೇಗುಂಟು?" ಎಂದು ಕೇಳುತ್ತಾರೆ. ನಾನು ಹೆದರಿದ್ದು ಅದಕ್ಕೆ.

ಮರುದಿನವೇ ಅಂಗಳದಲ್ಲಿ ಅಭ್ಯಾಸ ಶುರು ಮಾಡಿದೆ. ಬಕೆಟ್ಟಿನಲ್ಲಿ ನೀರು, ತೆಂಗಿನಕಟ್ಟೆಯ ಮೇಲೆ ಸಾಲಾಗಿ ಇಟ್ಟ ಚಿಪ್ಪುಗಳೇ ಎಲೆಗಳು. ಎಡಗೈಯಲ್ಲಿ ಬಕೆಟ್ಟು, ಬಲಗೈಯಲ್ಲಿ ಸೌಟು. ಬಲಗಾಲು ಊರಿದ ಕೂಡಲೇ ಬಕೆಟ್ಟು ನನ್ನನ್ನು ಎಡಕ್ಕೆ ಎಳೆಯುತ್ತಿತ್ತು, ಬೀಳದಿರಲು ಮೈಯನ್ನು ಬಲಕ್ಕೆ ಎಸೆಯಬೇಕಾಗುತ್ತಿತ್ತು. ಅರ್ಧ ನೀರು ನನ್ನ ಲುಂಗಿಗೆ. ಸಾಕೆಟ್ಟು ಸಡಿಲವಾಗಿದೆ ಎಂದು ಮಂಗಳೂರಿಗೆ ಹೋದೆ. ಸಡಿಲವಿಲ್ಲ ಎಂದರು. ಮೋಟುತೊಡೆಗೆ ಒಂದು ಕಾಲುಚೀಲ ಹೆಚ್ಚು ಹಾಕಿಕೊಂಡು ಬಿಗಿ ಮಾಡಿದೆ. ಕಾಲು ಬಿಗಿಯಾಯಿತು, ಸೊಂಟ ಮಾತ್ರ ಹಾಗೆಯೇ. ಕೊನೆಗೆ ಡಾಕ್ಟರಮ್ಮನ ಹತ್ತಿರ ಹೋಗಿ, ಅವರ ಕ್ಲಿನಿಕ್ಕಿನ ಬಕೆಟ್ಟನ್ನೇ ಎತ್ತಿಕೊಂಡು ನಡೆದು ತೋರಿಸಿದೆ.

ಅವರು ನಗಲಿಲ್ಲ. "ಬಕೆಟ್ಟು ಬಲಗೈಯಲ್ಲಿ ಹಿಡೀರಿ, ಸರ್."

ಹಿಡಿದು ನಡೆದೆ. ನಂಬುವುದು ಕಷ್ಟ. ಬಲಗಾಲಿನ ಮೇಲೆ ನೆಟ್ಟಗೆ ನಿಂತೆ, ಸೊಂಟ ತಕರಾರು ಮಾಡಲಿಲ್ಲ.

"ಭಾರ ಎಡಗೈಯಲ್ಲಿದ್ರೆ ನಿಮ್ಮ ಬಲಸೊಂಟ ಮೈಯನ್ನೂ ಹಿಡೀಬೇಕು, ಬಕೆಟ್ಟನ್ನೂ ಹಿಡೀಬೇಕು. ಬಲಗೈಯಲ್ಲಿದ್ರೆ ಬಕೆಟ್ಟೇ ಸೊಂಟಕ್ಕೆ ಸಹಾಯ ಮಾಡ್ತದೆ. ಹೀಗೇ ಬಡಿಸಿ."

"ಹೀಗೆ ಬಡಿಸುವುದು ಯಾವ ಕೈಯಲ್ಲಿ, ಡಾಕ್ಟ್ರೇ?"

ಅವರು ನನ್ನ ಎಡಗೈ ನೋಡಿದರು. "ಅದು ಆಗುವುದಿಲ್ಲ ಅಲ್ವಾ" ಎಂದರು ಕೊನೆಗೆ. "ನಮ್ಮಲ್ಲಿಯೂ ಆಗುವುದಿಲ್ಲ. ನನ್ನ ಉಮ್ಮ ನೋಡಿದ್ರೆ ನನ್ನನ್ನೇ ಮನೆಯಿಂದ ಹೊರಗೆ ಹಾಕ್ತಾರೆ." ಮೇಜಿನ ಮೇಲೆ ಬಕೆಟ್ಟು ಇಟ್ಟು ಬಡಿಸಬಹುದಲ್ಲ ಎಂದರು. ಊಟದ ಮೇಜು ಅಂಗೈ ಅಗಲ, ಎಲೆಗೆ ಎಲೆ ತಾಗಿಕೊಂಡಿರುತ್ತದೆ, ಜಾಗ ಎಲ್ಲಿದೆ ಎಂದೆ. ನನ್ನ ಹೆಂಡತಿ ತಳ್ಳುಗಾಡಿಯ ಸಲಹೆ ಕೊಟ್ಟಳು. ಅವಳೊಂದಿಗೆ ಆ ದಿನವಿಡೀ ನಾನು ಮಾತಾಡಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ನಾನು ಹುಟ್ಟಾ ಎಡಚ. ಅಂಗಡಿಯಲ್ಲಿ ಇವತ್ತಿಗೂ ಸ್ಕ್ರೂಡ್ರೈವರು ಹಿಡಿಯುವುದು ಎಡಗೈಯಲ್ಲಿ. ಆದರೆ ಅನ್ನದ ವಿಷಯದಲ್ಲಿ ಅಮ್ಮ ಬಿಡಲಿಲ್ಲ. ಉಣ್ಣಲು ಎಡಗೈ ಮುಂದೆ ಬಂದರೆ ಸೌಟಿನ ಹಿಡಿಯಿಂದ ಬೆರಳ ಗೆಣ್ಣಿಗೆ ಬೀಳುತ್ತಿತ್ತು. ನೀರು ಕೊಟ್ಟರೂ, ಉಪ್ಪು ದಾಟಿಸಿದರೂ, ಬಲಗೈ. ನನ್ನ ಬಾಲ್ಯವೆಲ್ಲ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಕಳೆಯಿತು. ಹಾಗೆ ತಯಾರಾದ ಬಲಗೈ ಇದು, ಸಾರು ಚೆಲ್ಲದ ಬಲಗೈ. ಎಡಗೈಗೆ ಆ ಕೆಲಸ ಮೊದಲೇ ಗೊತ್ತಿತ್ತು ಎನ್ನುವುದು ಬೇರೆ ಮಾತು.

ಆ ಸಂಜೆ ಅಂಗಳದಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ಬಲಗೈಗೆ ಬಕೆಟ್ಟು ಕೊಟ್ಟು ಎಡಗೈಯಲ್ಲಿ ಸೌಟು ಹಿಡಿದೆ. ಚಿಪ್ಪಿನಿಂದ ಚಿಪ್ಪಿಗೆ ಮೊದಲಿನ ಹಾಗೆಯೇ ಹೋದೆ. ಒಂದು ಹನಿ ಹೊರಗೆ ಬೀಳಲಿಲ್ಲ. ಖುಷಿಯಲ್ಲಿ ತಿರುಗಿದರೆ ಜಗಲಿಯಲ್ಲಿ ಅಮ್ಮ.

"ಆ ಕೈಯಲ್ಲಿ ಬಡಿಸಿದ್ದನ್ನು ನಾಯಿಯೂ ಮುಟ್ಟುವುದಿಲ್ಲ" ಎಂದಳು.

"ಅಮ್ಮ, ನನ್ನ ಕಾಲು ಹೋಗಿದೆ."

"ಕಾಲು ಹೋದ್ರೆ ಕೈ ಬದಲಾಗ್ತದಾ?"

ಸ್ನಾಯು, ಎಲುಬು, ಭಾರ ಎಂದೆಲ್ಲ ವಿವರಿಸಿದೆ. ಪಂಪಿನ ಉದಾಹರಣೆಯನ್ನೂ ಕೊಟ್ಟೆ. ಅವಳು ಎಲ್ಲ ಕೇಳಿ, "ಸರಿ, ಹಾಗಾದ್ರೆ ಕೂತು ಊಟ ಮಾಡು. ಮಾವನ ಹೆಸರು ಕೆಡಿಸಬೇಡ" ಎಂದು ಒಳಗೆ ಹೋದಳು. ಸಿಟ್ಟಿನಲ್ಲಿ ಬಕೆಟ್ಟನ್ನು ಒದೆಯೋಣವೆಂದರೆ ಯಾವ ಕಾಲಿನಲ್ಲಿ ಒದ್ದರೂ ಬೀಳುವವನು ನಾನೇ.

ಹಟಕ್ಕೆ ಬಿದ್ದು ವ್ಯಾಯಾಮ ಹೆಚ್ಚು ಮಾಡಿದೆ. ಸೊಂಟವೂ ಒಂದಿಷ್ಟು ಗಟ್ಟಿಯಾಯಿತು. ಒಕ್ಕಲಿನ ದಿನ ಬೆಳಿಗ್ಗೆ ಮಾಣಿಗೆ ಹೋದವನೇ ಅಡುಗೆ ಭಟ್ಟರ ಹತ್ತಿರ ಸಾರಿನ ಬಕೆಟ್ಟು ಹಿಡಿದು ನಿಂತೆ, ಶಾಸ್ತ್ರಕ್ಕೆ ಸರಿಯಾಗಿ, ಎಡಗೈಯಲ್ಲಿ. ಭಾವ ದೂರದಿಂದ ನೋಡಿ ಕೈ ಚೆಲ್ಲಿದರು. ಶೀಟು ಹಾಕಿದ ಚಪ್ಪರದ ಕೆಳಗೆ ಉದ್ದದ ಮೇಜುಗಳು, ಬಾಳೆಲೆಗಳು, ಬೆವರುವ ಜನ. ಮೊದಲನೇ ಪಂಕ್ತಿಯನ್ನು ಮುಗಿಸಿದೆ. ಮೈ ಓಲುತ್ತಿತ್ತು, ಆದರೆ ಚೆಲ್ಲಲಿಲ್ಲ. ಬೀಗರ ಕಡೆಯ ಒಬ್ಬರು, "ಕಾಲು ಒಳ್ಳೆದುಂಟಲ್ಲ" ಎಂದರು. ಸಾರಿನ ಸುದ್ದಿ ಎತ್ತಲಿಲ್ಲ.

ಎರಡನೇ ಪಂಕ್ತಿಗೆ ಸೆಕೆಯಲ್ಲಿ ರಬ್ಬರಿನ ಚೀಲದೊಳಗೆಲ್ಲ ಬೆವರು. ಸಾಕೆಟ್ಟಿನ ಹಿಡಿತ ಸಡಿಲವಾಯಿತು. ಕಾಲು ಒಳಗೊಳಗೇ ಜಾರುತ್ತಿದೆ ಎಂದು ಗೊತ್ತಾಯಿತು, ಸೊಂಟ ಹೆಜ್ಜೆಹೆಜ್ಜೆಗೂ ಕೂಗಿಕೊಂಡಿತು. ಪಂಕ್ತಿಯ ನಾಲ್ಕಾರು ಎಲೆ ದಾಟಿದ್ದೆನೋ ಇಲ್ಲವೋ, ಬಲಗಾಲು ಊರಿದಾಗ ಸೊಂಟ ಪೂರ್ತಿ ಕೈಬಿಟ್ಟಿತು. ಬಕೆಟ್ಟು ಒಬ್ಬ ಹೆಂಗಸಿನ ಭುಜದ ಮೇಲೆ ವಾಲಿತು. ಅವಳು ಪಕ್ಕಕ್ಕೆ ಸರಿದಳು. ನಾನು ಮೇಜು ಹಿಡಿದುಕೊಂಡೆ. ಸಾರು ಅಂಚಿನವರೆಗೆ ಬಂದು ಹಿಂದೆ ಹೋಯಿತು.

ಭಾವ ಓಡಿ ಬಂದರು. "ಕೊಡು ಇಲ್ಲಿ. ಸಾಕು. ನೀನು ಹೋಗಿ ಕೂತ್ಕೋ."

"ಬಿಡಿ ಭಾವ."

"ಹಟ ಮಾಡ್ಬೇಡ ಮಾರಾಯ, ಯಾರ ಮೈಮೇಲಾದ್ರೂ ಬಿದ್ರೆ?"

ಅವರು ಹೇಳಿದ್ದು ಸರಿ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಸಾಂಬಾರಿನವನು ಹಿಂದೆ ನಿಂತಿದ್ದ. ಅನ್ನ ಹಾಕಿಸಿಕೊಂಡವರೆಲ್ಲ ಕೈಕಟ್ಟಿ ನನ್ನ ಕಡೆ ನೋಡುತ್ತಿದ್ದರು, ಮುಖವನ್ನಲ್ಲ, ಪಂಚೆಯ ಕೆಳಗಿನ ಆ ಪ್ಲಾಸ್ಟಿಕ್ ಪಾದವನ್ನು. ಬಕೆಟ್ಟು ಭಾವನ ಕೈಗೆ ಹೋದರೆ ಅದು ನನಗೆ ಮತ್ತೆ ಬರುವುದಿಲ್ಲ. ಕೊಡುವವನ ಹಾಗೆ ಎತ್ತಿದ ಬಕೆಟ್ಟನ್ನು ನಾನು ನನ್ನದೇ ಬಲಗೈಗೆ ಕೊಟ್ಟೆ. ಸೌಟು ಎಡಗೈಗೆ ಬಂತು. ಸೊಂಟ ಆ ಕ್ಷಣವೇ ನೆಟ್ಟಗಾಯಿತು. ಒಂದು ಹೆಜ್ಜೆ ಮುಂದಿಟ್ಟು ಮುಂದಿನ ಎಲೆಯ ಎದುರು ನಿಂತೆ. ಆ ಎಲೆ ಅಮ್ಮನದು.

ಅವಳು ಸೌಟು ನೋಡಿದಳು. ಅನ್ನದ ಮೇಲೆ ಅಂಗೈ ಅಡ್ಡ ಹಿಡಿದಳು. "ನನಗೆ ಬೇಡ" ಎಂದಳು.

ನಾನು ಅಲ್ಲೇ ನಿಂತೆ. ಮುಂದೆ ಹೋಗಲೂ ಆಗಲಿಲ್ಲ, ಹಿಂದೆ ಬರಲೂ ಆಗಲಿಲ್ಲ. ಕಣ್ಣು ತುಂಬಿತು, ಅದು ದುಃಖಕ್ಕಲ್ಲ, ಇಷ್ಟು ವರ್ಷದ ಸಿಟ್ಟಿಗೆ. ಈ ಪ್ರಾಯದಲ್ಲಿ, ಮೊಮ್ಮಕ್ಕಳ ಎದುರು, ಎಡಗೈಯನ್ನು ಮತ್ತೆ ಬೆನ್ನ ಹಿಂದೆ ಇಡಬೇಕೇ? ಅಮ್ಮ ನನ್ನ ಮುಖ ನೋಡಲಿಲ್ಲ, ಪಾದವನ್ನೂ ನೋಡಲಿಲ್ಲ. ಅವಳ ಕಣ್ಣು ನನ್ನ ಸೊಂಟದ ಮೇಲಿತ್ತು. ಬಹಳ ಹೊತ್ತು ಅಲ್ಲೇ ಇತ್ತು.

ಆಮೇಲೆ ನೀರಿನ ಲೋಟವನ್ನು ಸರಿಸಿ ಎಲೆಯನ್ನು ಒಂದಿಷ್ಟು ತನ್ನ ಕಡೆ ಎಳೆದುಕೊಂಡಳು. "ಬಕೆಟ್ಟು ಇಲ್ಲಿಡು" ಎಂದಳು.

ಇಟ್ಟೆ. ಸೌಟನ್ನು ಬಲಗೈಗೆ ಬದಲಿಸಿ ಬಡಿಸಿದೆ. ಒಂದು ಸೌಟು, ಸರಿಯಾಗಿ ಅನ್ನದ ನಡುವಿನ ಗುಂಡಿಗೆ.

"ಇನ್ನು ಹೋಗು" ಎಂದಳು ನನಗೆ ಮಾತ್ರ ಕೇಳುವ ಹಾಗೆ. "ಯಾವ ಕೈಯಲ್ಲಾದ್ರೂ ಬಡಿಸು. ನಾನು ನೋಡುವುದಿಲ್ಲ."

ಬಕೆಟ್ಟನ್ನು ಬಲಗೈಯಲ್ಲಿ ಎತ್ತಿಕೊಂಡೆ. ಅಮ್ಮನ ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮ ಒಮ್ಮೆ ಅವಳ ಕಡೆ ನೋಡಿ, ತಾನೂ ಕಣ್ಣು ಕೆಳಗಿಳಿಸಿ ಅನ್ನದಲ್ಲಿ ಗುಂಡಿ ಮಾಡಿದಳು. ಎಡಗೈಯಲ್ಲಿ ಬಡಿಸಿದೆ. ಅದರ ಮುಂದಿನವರಿಗೂ ಹಾಗೆಯೇ. ಒಬ್ಬರು ಇನ್ನೊಂದು ಸೌಟು ಕೇಳಿದರು. ಸೊಂಟ ನೆಟ್ಟಗಿತ್ತು, ಸಾಂಬಾರಿನವನು ನನ್ನ ಹಿಂದೆ ಓಡಬೇಕಾಯಿತು.

ಪಂಕ್ತಿಯ ಕೊನೆ ಮುಟ್ಟಿ ತಿರುಗಿ ನೋಡಿದೆ. ಎಲ್ಲರೂ ಉಣ್ಣಲು ಶುರು ಮಾಡಿದ್ದರು. ಅಮ್ಮ ಒಬ್ಬಳು ತಲೆ ತಗ್ಗಿಸಿ, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೂತಿದ್ದಳು. ಅನ್ನ ತಣಿಯಬಾರದು ಎಂದು ಜೀವಮಾನವಿಡೀ ಎಲ್ಲರನ್ನೂ ಅವಸರ ಮಾಡಿದವಳ ಎಲೆಯಲ್ಲಿ ಅನ್ನ ತಣಿಯುತ್ತಿತ್ತು. "ಮುಗೀತಮ್ಮ, ಊಟ ಮಾಡು" ಎಂದು ಅಲ್ಲಿಂದಲೇ ಕೂಗಿ ಹೇಳಿದೆ. ಆಮೇಲೆ ಅವಳು ಕಣ್ಣು ಬಿಟ್ಟಳು.